ಬಿಗಿ ಮಾಡಿದಷ್ಟೂ ಕೆಟ್ಟ ಚೈನ್: ಮಲೆನಾಡಿನ ಒಂದು 150 ಸಿಸಿ ಬೈಕಿನ ಪ್ರಕರಣ

ಬೈಕು 150 ಸಿಸಿಯದು. ಏರ್ ಕೂಲ್ಡ್ ಎಂಜಿನ್, ಐದು ಗೇರ್, ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕ್. ಮೀಟರ್ ತೋರಿಸುತ್ತಿದ್ದುದು 41,000 ಕಿ.ಮೀ. ಚೈನ್ 428 ಅಳತೆಯದು, 120 ಲಿಂಕ್. ಚೈನ್ ಓಡುವ ಹಲ್ಲಿನ ಚಕ್ರಗಳಲ್ಲಿ (ಸ್ಪ್ರಾಕೆಟ್) ಮುಂದಿನದಕ್ಕೆ 15 ಹಲ್ಲು, ಹಿಂದಿನದಕ್ಕೆ 44. ಮಾಲೀಕರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ದಿನಾ ತೋಟದ ಕೆಂಪು ಮಣ್ಣಿನ ದಾರಿ, ಆಮೇಲೆ ಟಾರ್ ರಸ್ತೆ, ವಾರಕ್ಕೊಮ್ಮೆ ಆಗುಂಬೆ ಘಾಟಿ ಇಳಿದು ಹೆಬ್ರಿಗೆ. ಹಿಂದಿನ ಸೀಟಿನಲ್ಲಿ ಹೆಂಡತಿ ಇಲ್ಲವೇ ಕ್ಯಾರಿಯರ್ ಮೇಲೆ ಒಂದು ಮೂಟೆ, ಕೆಲವೊಮ್ಮೆ ಎರಡೂ. ಆಯಿಲ್ ಬದಲಾವಣೆ, ಏರ್ ಫಿಲ್ಟರ್, ಪ್ಲಗ್, ಚೈನ್ ಬಿಗಿ ಮಾಡುವುದು ಎಲ್ಲವನ್ನೂ ಮನೆಯಲ್ಲೇ ಮಾಡಿಕೊಳ್ಳುವವರು.

ದೂರು ನಾಲ್ಕು. ಒಂದು, ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನಿಂದ 'ಕಟ್... ಕಟ್' ಸದ್ದು. ಎರಡು, ಆಕ್ಸಿಲರೇಟರ್ ಕೊಟ್ಟು ಬಿಟ್ಟು ಮಾಡಿದಾಗ ಬೈಕು ಜಗ್ಗುವುದು. ಮೂರು, ಮೈಲೇಜ್ ಇಳಿದಿದೆ, ಹಿಂದಿನ ಹಬ್ (ಚಕ್ರದ ನಡುಭಾಗ) ಕೈ ಇಡಲಾರದಷ್ಟು ಬಿಸಿ. ನಾಲ್ಕು, ಎಡಗಡೆ ಎಂಜಿನ್ ಕೆಳಗೆ ರಾತ್ರಿ ಕಳೆದರೆ ನಾಲ್ಕಾರು ಹನಿ ಎಣ್ಣೆ. ಊರಿನ ಒಬ್ಬ ಮೆಕ್ಯಾನಿಕ್ ಸದ್ದು ಕೇಳಿ ಗೇರ್‌ಬಾಕ್ಸ್ ಹೋಗಿದೆ, ಎಂಜಿನ್ ಇಳಿಸಬೇಕು ಎಂದಿದ್ದರು. ಹನಿಯುವ ಎಣ್ಣೆ ನೋಡಿದ ಮೇಲೆ ಮಾಲೀಕರಿಗೂ ಹಾಗೇ ಅನ್ನಿಸಿತ್ತು.

ನಾಲ್ಕೂ ದೂರುಗಳ ಬೇರು ಒಂದೇ ಕಡೆ ಇತ್ತು, ಎಂಜಿನ್ನಿನ ಹೊರಗೆ.

ಎಂಜಿನ್ನೋ ಅಲ್ಲವೋ: ಹತ್ತು ನಿಮಿಷದ ಪರೀಕ್ಷೆ

ಸದ್ದು ಎಂಜಿನ್ನಿನದಾದರೆ ಅದು ಎಂಜಿನ್ ವೇಗದ ಹಿಂದೆ ಹೋಗಬೇಕು. ಚಕ್ರದ ಕಡೆಯದಾದರೆ ಬೈಕಿನ ವೇಗದ ಹಿಂದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಮ್ಮೆ ಎರಡನೇ ಗೇರ್, ಒಮ್ಮೆ ಮೂರನೇ ಗೇರ್ ಹಾಕಿ ಓಡಿಸಿ ನೋಡಲಾಯಿತು. ಗೇರ್ ಬದಲಾದಾಗ ಎಂಜಿನ್ ವೇಗ ಇಳಿಯಿತು, 'ಕಟ್ ಕಟ್' ಮಾತ್ರ ಅದೇ ಲಯದಲ್ಲಿ ಮುಂದುವರಿಯಿತು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು.

ಉಳಿದರ್ಧಕ್ಕೆ ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಲಾಯಿತು. ಸದ್ದು ಬಂತು. ಜೊತೆಗೆ, ಚಕ್ರ ಒಂದು ಜಾಗದಲ್ಲಿ ಹಗುರಾಗಿ ತಿರುಗಿ ಇನ್ನೊಂದು ಜಾಗದಲ್ಲಿ ಕೈಗೆ ಬಿಗಿಯಾಗುತ್ತಿತ್ತು. ಕೈ ಬಿಟ್ಟರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಇಷ್ಟು ಗೊತ್ತಾದ ಮೇಲೆ ಎಂಜಿನ್ ಇಳಿಸುವ ಮಾತಿಗೆ ಸದ್ಯಕ್ಕೆ ಅರ್ಥವಿರಲಿಲ್ಲ.

ಇದೇ ಪರೀಕ್ಷೆಯನ್ನು ಎಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ಚಕ್ರ ತಿರುಗುತ್ತಿರುವಾಗ ಮಾಡುವವರಿದ್ದಾರೆ. ಚೈನ್ ಒರೆಸುವುದನ್ನೂ ಹಾಗೇ ಮಾಡುತ್ತಾರೆ. ಬಟ್ಟೆಯ ಅಂಚು ಚೈನಿಗೆ ಸಿಕ್ಕರೆ ಬೆರಳು ಸ್ಪ್ರಾಕೆಟ್ಟಿನ ಹಲ್ಲಿನ ಕೆಳಗೆ ಹೋಗುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಚೈನ್ ಕೆಲಸ ಏನೇ ಇರಲಿ, ಕೀ ತೆಗೆದು ಜೇಬಿಗೆ ಹಾಕಿಕೊಂಡೇ ಶುರು ಮಾಡಬೇಕು.

ಎರಡು ಅಳತೆ, ಒಂದೇ ಚೈನ್

ಮಾಲೀಕರ ಲೆಕ್ಕದಲ್ಲಿ ಚೈನ್ ಸರಿಯಾಗಿಯೇ ಇತ್ತು. ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳು) ಮೇಲಿನ ಸ್ಟಿಕ್ಕರ್ ಹೇಳುವ ಸಡಿಲ 20ರಿಂದ 30 ಮಿ.ಮೀ. ಅವರು ಇಡುತ್ತಿದ್ದುದು 20. ಎರಡು ಸ್ಪ್ರಾಕೆಟ್ ನಡುವೆ ಚೈನ್ ಓಡುವ ಕೆಳಗಿನ ಸಾಲಿನ, ಅಂದರೆ ಕೆಳಗಿನ ಓಟದ, ನಡುಮಧ್ಯದಲ್ಲಿ ಚೈನನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ, ಉಕ್ಕಿನ ಸ್ಕೇಲ್ ಹಿಡಿದು ಅಳೆದಾಗ 20 ಮಿ.ಮೀ. ಬರುತ್ತಿತ್ತು, ನಿಜ. ಆದರೆ ಚಕ್ರ ತಿರುಗಿಸುತ್ತಾ ಎಂಟು ಹತ್ತು ಕಡೆ ಅಳೆದಾಗ ಒಂದು ಜಾಗದಲ್ಲಿ 6 ಮಿ.ಮೀ. ಮಾತ್ರ ಸಿಕ್ಕಿತು. ಅವರು ಪ್ರತಿ ಸಲ ಅಳೆಯುತ್ತಿದ್ದುದು ಅತಿ ಸಡಿಲವಾದ ಜಾಗದಲ್ಲಿ. ಚೈನ್ ಜೋತುಬಿದ್ದಂತೆ ಕಣ್ಣಿಗೆ ಬೀಳುವುದು ಅಲ್ಲೇ, ಕೈ ಹೋಗುವುದೂ ಅಲ್ಲಿಗೇ. ಅಳೆಯಬೇಕಾದದ್ದು ಅತಿ ಬಿಗಿಯಾದ ಜಾಗದಲ್ಲಿ.

ಬಿಗಿ ಜಾಗ ಎಲ್ಲಿಂದ ಬಂತು ಎಂಬುದನ್ನು ಪತ್ತೆ ಮಾಡಲು ಒಂದು ಸರಳ ಲೆಕ್ಕ ಇದೆ. 120 ಲಿಂಕಿನ ಚೈನ್ 44 ಹಲ್ಲಿನ ಸ್ಪ್ರಾಕೆಟ್ ಮೇಲೆ ಒಂದು ಪೂರ್ತಿ ಸುತ್ತು ಬರಲು ಹಿಂದಿನ ಚಕ್ರ ಸುಮಾರು ಎರಡೂಮುಕ್ಕಾಲು ಸುತ್ತು ತಿರುಗಬೇಕು. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು ತಿರುಗಿಸಿ. ಚಕ್ರದ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಬಿಗಿ ಬಂದರೆ ತಪ್ಪು ಹಿಂದಿನ ಸ್ಪ್ರಾಕೆಟ್ಟಿನದು ಅಥವಾ ಅದು ಕೂತ ಹಬ್ಬಿನದು. ಎರಡೂಮುಕ್ಕಾಲು ಸುತ್ತಿಗೊಮ್ಮೆ ಬಂದರೆ ಚೈನಿನದು. ಇಲ್ಲಿ ಗೆರೆ ಪ್ರತಿ ಸಲ ಬೇರೆ ಕಡೆ ನಿಂತಿತು. ಚೈನೇ.

ಆಮೇಲೆ ಚೈನಿನ ಉದ್ದ. 428 ಚೈನಿನ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿ.ಮೀ. ಹಾಗಾಗಿ 21 ಪಿನ್ ಎಣಿಸಿ, ಮೊದಲ ಪಿನ್ನಿನ ಮಧ್ಯದಿಂದ ಕೊನೆಯ ಪಿನ್ನಿನ ಮಧ್ಯಕ್ಕೆ ಅಳೆದರೆ ಹೊಸ ಚೈನಿನಲ್ಲಿ 254 ಮಿ.ಮೀ. ಬರುತ್ತದೆ. ಅಳೆಯುವಾಗ ಆ ಭಾಗ ಬಿಗಿಯಾಗಿ ಎಳೆದಿರಬೇಕು. ಓ-ರಿಂಗ್ (ಪಿನ್ನಿನ ಗ್ರೀಸ್ ಕಾಯುವ ರಬ್ಬರ್ ಬಳೆ) ಇಲ್ಲದ ಸಾದಾ ಚೈನಿಗೆ 2% ಹಿಗ್ಗು, ಅಂದರೆ 259 ಮಿ.ಮೀ., ಕೊನೆಯ ಗಡಿ ಎಂದು ಇಟ್ಟುಕೊಳ್ಳಬಹುದು. ಈ ಚೈನಿನ ಒಂದು ಭಾಗ 257, ಇನ್ನೊಂದು ಭಾಗ 261. ಎರಡು ಭಾಗ ಎರಡು ರೀತಿ ಸವೆದ ಚೈನ್ ಅದು. ಹೆಚ್ಚು ಹಿಗ್ಗಿದ ಭಾಗ ಸ್ಪ್ರಾಕೆಟ್ಟಿಗೆ ಸುತ್ತಿಕೊಂಡಾಗ ಮೇಲಿನ ಕೆಳಗಿನ ಓಟದಲ್ಲಿ ಕಡಿಮೆ ಹಿಗ್ಗಿದ ಭಾಗ ಉಳಿಯುತ್ತದೆ, ಚೈನ್ ಬಿಗಿಯಾಗುತ್ತದೆ. ಅರ್ಧ ಚೈನ್ ಸರಿದ ಮೇಲೆ ಉಲ್ಟಾ.

ಜನ ಚೈನ್ 'ಎಳೆದುಕೊಂಡಿದೆ' ಎನ್ನುತ್ತಾರೆ. ಅಸಲಿಗೆ ಉಕ್ಕಿನ ಪಟ್ಟಿಗಳು ಎಳೆದುಕೊಂಡಿರುವುದಿಲ್ಲ. ಪ್ರತಿ ಪಿನ್ನೂ ಅದು ತಿರುಗುವ ಕೊಳವೆ, ಅಂದರೆ ಬುಷ್ಷೂ ಒಂದಿಷ್ಟೊಂದಿಷ್ಟು ಸವೆದು, ಆ ನೂರಿಪ್ಪತ್ತು ಸವೆತಗಳು ಒಟ್ಟುಗೂಡಿರುತ್ತವೆ. ಇದು ಗೊತ್ತಿದ್ದರೆ ಎಣ್ಣೆ ಎಲ್ಲಿಗೆ ಹೋಗಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ. ಹೊರಮೈಗೆ ಬಳಿದು ಪ್ರಯೋಜನವಿಲ್ಲ, ಪಟ್ಟಿಗಳ ಸಂದಿಗೆ ಇಳಿಯಬೇಕು.

ಸ್ಪ್ರಾಕೆಟ್ಟಿನ ಕಥೆ ಬೇರೆಯಾಗಿರಲಿಲ್ಲ. ಹಿಂದಿನ ಸ್ಪ್ರಾಕೆಟ್ಟಿನ ತೀರಾ ಹಿಂತುದಿಯಲ್ಲಿ ಚೈನನ್ನು ಹಿಡಿದು ಹಿಂದಕ್ಕೆ ಎಳೆದರೆ ಅರ್ಧ ಹಲ್ಲಿಗಿಂತ ಹೆಚ್ಚು ಕಾಣುತ್ತಿತ್ತು. ಮುಂದಿನದರ ಹಲ್ಲುಗಳು ಕೊಕ್ಕೆಯಾಗಿ ಬಾಗಿದ್ದವು. ಲೆಕ್ಕದ ಒಂದು ಸಣ್ಣ ಕುತೂಹಲವೂ ಇಲ್ಲಿದೆ: 15 ಹಲ್ಲಿಗೆ 120 ಲಿಂಕ್ ಸರಿಯಾಗಿ ಭಾಗವಾಗುತ್ತದೆ, ಹಾಗಾಗಿ ಮುಂದಿನ ಒಂದೊಂದು ಹಲ್ಲಿಗೂ ಯಾವಾಗಲೂ ಅದೇ ಎಂಟು ಲಿಂಕ್‌ಗಳೇ ಸಿಗುತ್ತವೆ. ಕೆಟ್ಟ ಹಲ್ಲಿನ ಏಟು ಚೈನಿಗೆಲ್ಲ ಹಂಚಿಹೋಗುವುದಿಲ್ಲ.

ಕೂತಾಗ ಏನಾಗುತ್ತದೆ

ಪ್ರಕರಣದ ತಿರುಳು ಇಲ್ಲಿದೆ. ಮುಂದಿನ ಸ್ಪ್ರಾಕೆಟ್ಟಿನ ನಡು, ಸ್ವಿಂಗ್ ಆರ್ಮ್ ತಿರುಗುವ ಬೋಲ್ಟ್, ಹಿಂದಿನ ಆಕ್ಸಲ್ (ಚಕ್ರದ ಅಚ್ಚು), ಈ ಮೂರೂ ಒಂದೇ ಗೆರೆಗೆ ಬಂದಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ದೂರ ಅತಿ ಹೆಚ್ಚು. ಬೈಕು ಸೆಂಟರ್ ಸ್ಟ್ಯಾಂಡ್ ಮೇಲಿದ್ದಾಗ ಚಕ್ರ ಕೆಳಕ್ಕೆ ಜೋತಿರುತ್ತದೆ, ದೂರ ಕಡಿಮೆ, ಚೈನ್ ಸಡಿಲ. ಇಬ್ಬರು ಕೂತು, ಮೂಟೆಯೂ ಏರಿ, ಗುಂಡಿಗೆ ಚಕ್ರ ಬಿದ್ದಾಗ ಸಸ್ಪೆನ್ಷನ್ ಒತ್ತಿಕೊಂಡು ಮೂರೂ ಒಂದೇ ಗೆರೆಗೆ ಬರುತ್ತವೆ, ಚೈನ್ ಬಿಗಿಯಾಗುತ್ತದೆ. ಸ್ಟ್ಯಾಂಡ್ ಮೇಲೆ 20–30 ಮಿ.ಮೀ. ಸಡಿಲ ಇಡಿ ಅನ್ನುವುದು ಈ ಗಳಿಗೆಗಾಗಿ ಕಾದಿರಿಸಿದ ಜಾಗ. ಈ ಬೈಕಿನ ಬಿಗಿ ಜಾಗದಲ್ಲಿ ಉಳಿದಿದ್ದುದು 6 ಮಿ.ಮೀ. ಇಬ್ಬರು ಕೂತರೆ ಅದೂ ಮುಗಿದು ಸಸ್ಪೆನ್ಷನ್ನಿನ ಚಲನೆಯನ್ನು ಚೈನೇ ತಡೆಯುತ್ತಿತ್ತು. ಆ ಭಾರವೆಲ್ಲ ಎರಡು ಕಡೆ ಬೀಳುತ್ತದೆ: ಹಿಂದೆ ಚಕ್ರದ ಬೇರಿಂಗ್, ಮುಂದೆ ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿನ (ಮುಂದಿನ ಸ್ಪ್ರಾಕೆಟ್ ಕೂತ ದಂಡ) ಬೇರಿಂಗ್ ಮತ್ತು ಎಣ್ಣೆ ಹೊರಬರದಂತೆ ಅದರ ಹೊರಗೆ ಕೂತ ಆಯಿಲ್ ಸೀಲ್.

ಎಡಗಡೆಯ ಕವರ್ ತೆಗೆದಾಗ ಮುಂದಿನ ಸ್ಪ್ರಾಕೆಟ್ಟಿನ ಹಿಂದೆ ಕೆಂಪು ಮಣ್ಣು, ಹಳೇ ಎಣ್ಣೆ ಸೇರಿ ಬೆರಳು ದಪ್ಪ ಕೂತಿತ್ತು. ಅದನ್ನು ಕೆರೆದು ಒರೆಸಿದ ಮೇಲೆ ಸೀಲಿನ ತುಟಿಯ ಕೆಳಭಾಗದಿಂದ ಹೊಸ ಎಂಜಿನ್ ಆಯಿಲ್ ಒಸರುವುದು ಕಾಣಿಸಿತು. ನಾಲ್ಕನೇ ದೂರಿನ ಮೂಲ ಅದು. ಸ್ಪ್ರಾಕೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿದಾಗ ಶಾಫ್ಟ್ ತುಸು ಆಡುತ್ತಿತ್ತು. ಸ್ಪ್ರಾಕೆಟ್ ಒಳಗೆ ಹೊರಗೆ ಒಂದಿಷ್ಟು ಜಾರುವುದು ಈ ಬಗೆಯ ಜೋಡಣೆಯಲ್ಲಿ ಸಹಜ. ಮೇಲೆ ಕೆಳಗೆ ಆಡುವುದು ಸಹಜವಲ್ಲ.

ಇನ್ನು ಬಿಸಿ ಹಬ್. ಹಿಂದಿನ ಡ್ರಮ್ ಬ್ರೇಕಿನ ತಟ್ಟೆ ಆಕ್ಸಲ್ ಜೊತೆಗೇ ಕೂತಿದೆ. ಪೆಡಲಿನಿಂದ ಬರುವ ರಾಡ್ ಅದರ ಲಿವರಿಗೆ ಸಿಕ್ಕಿಕೊಂಡಿದೆ. ಚೈನ್ ಬಿಗಿ ಮಾಡಲು ಚಕ್ರವನ್ನು ಹಿಂದಕ್ಕೆ ಎಳೆದಾಗ ತಟ್ಟೆಯೂ ಹಿಂದಕ್ಕೆ ಹೋಗುತ್ತದೆ, ರಾಡ್ ಇದ್ದಲ್ಲೇ ಇರುತ್ತದೆ, ಬ್ರೇಕ್ ತಾನಾಗಿ ಒಂದಿಷ್ಟು ಹಿಡಿಯುತ್ತದೆ. ಪ್ರತಿ ಸಲ ಚೈನ್ ಬಿಗಿ ಮಾಡಿದ ಮೇಲೂ ರಾಡಿನ ನಟ್ ಸಡಿಲಿಸಬೇಕು. ಇಲ್ಲಿ ಚೈನ್ ಹಲವು ಸಲ ಬಿಗಿಯಾಗಿತ್ತು, ನಟ್ ಒಮ್ಮೆಯೂ ತಿರುಗಿರಲಿಲ್ಲ. ಅರ್ಧ ಹಿಡಿದ ಬ್ರೇಕಿನಲ್ಲೇ ಬೈಕು ಓಡುತ್ತಿತ್ತು. ಮೈಲೇಜ್ ಇಳಿದುದಕ್ಕೆ ಕಾರ್ಬುರೇಟರ್ ಬಿಚ್ಚಿ ತೊಳೆದದ್ದೂ ಆಗಿತ್ತು, ಪಾಪ ಅದರದೇನೂ ತಪ್ಪಿರಲಿಲ್ಲ.

ಜಗ್ಗುವುದಕ್ಕೆ ಕಾರಣ ಹಬ್ಬಿನೊಳಗೆ ಸ್ಪ್ರಾಕೆಟ್ಟಿನ ಎಳೆತವನ್ನು ಮೆತ್ತಗೆ ಚಕ್ರಕ್ಕೆ ದಾಟಿಸುವ ರಬ್ಬರ್. ಸ್ಪ್ರಾಕೆಟ್ ಹಿಡಿದು ಹಿಂದೆ ಮುಂದೆ ತಿರುಗಿಸಿದರೆ ಚಕ್ರ ಅಲುಗದೆ ಸ್ಪ್ರಾಕೆಟ್ ಮಾತ್ರ ಸುಮಾರು 10 ಮಿ.ಮೀ. ಆಡುತ್ತಿತ್ತು. ಘಾಟಿಯಲ್ಲಿ ಎಂಜಿನ್ ಬ್ರೇಕಿಂಗ್ ಮಾಡುವಾಗ ಚೈನಿನ ಕೆಳ ಓಟ ಬಿಗಿಯಾಗಿ ಮೇಲಿನದು ಸಡಿಲವಾಗುತ್ತದೆ, ಎಳೆತದ ದಿಕ್ಕು ತಿರುಗುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಪ್ರತಿ ತಿರುವಿಗೂ ಒಮ್ಮೆ ಬಿಡು, ಒಮ್ಮೆ ಕೊಡು. ಸವೆದ ರಬ್ಬರ್, ಬಿಗಿ-ಸಡಿಲ ಚೈನ್, ಕೊಕ್ಕೆ ಹಲ್ಲು ಮೂರೂ ಕೂಡಿ ಅಲ್ಲಿ ಸದ್ದು ಮಾಡುತ್ತಿದ್ದವು. ಸಪಾಟು ರಸ್ತೆಯಲ್ಲಿ ಸದ್ದು ಕಡಿಮೆ ಕೇಳಿಸಲು ಕಾರಣ ಇದೇ.

9,000 ಕಿ.ಮೀ.ಗೇ ಕಿಟ್ ಮುಗಿದದ್ದು ಯಾಕೆ

ಈ ಕಿಟ್, ಅಂದರೆ ಚೈನ್ ಮತ್ತು ಎರಡೂ ಸ್ಪ್ರಾಕೆಟ್, ಹಾಕಿದ್ದು 32,000 ಕಿ.ಮೀ.ನಲ್ಲಿ. ಕಂಪನಿಯಿಂದ ಬಂದಿದ್ದುದು ಓ-ರಿಂಗ್ ಚೈನ್. ಬದಲಿಸುವಾಗ ಅಂಗಡಿಯಲ್ಲಿ ಸಿಕ್ಕಿದ ಸಾದಾ ಚೈನ್ ಹಾಕಿಸಲಾಗಿತ್ತು. ಓ-ರಿಂಗ್ ಚೈನಿನಲ್ಲಿ ಪಿನ್ನು ಬುಷ್ಷುಗಳ ನಡುವೆ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿ ಎರಡೂ ಕಡೆ ರಬ್ಬರ್ ಬಳೆಯಿಂದ ಮುಚ್ಚಿರುತ್ತಾರೆ. ಸಾದಾ ಚೈನಿಗೆ ಆ ರಕ್ಷಣೆ ಇಲ್ಲ, ಹೊರಗಿನಿಂದ ಹಾಕಿದ್ದೇ ಗತಿ. ವರ್ಷಕ್ಕೆ 7,000 ಮಿ.ಮೀ. ಮೇಲೆ ಮಳೆ ಸುರಿಯುವ ಆಗುಂಬೆಯಂಥ ಕಡೆ ಆ ಎಣ್ಣೆ ಒಂದೇ ಸವಾರಿಯಲ್ಲಿ ತೊಳೆದುಹೋಗುತ್ತದೆ.

ಮೂರು ಅಭ್ಯಾಸಗಳು ಇದನ್ನು ಇನ್ನಷ್ಟು ಕೆಡಿಸಿದ್ದವು. ಮೊದಲನೆಯದು ಎಂಜಿನ್ನಿನಿಂದ ಇಳಿಸಿದ ಹಳೇ ಆಯಿಲನ್ನು ಚೈನಿಗೆ ಹಾಕುವುದು. ಊರೆಲ್ಲ ಮಾಡುವ ಕೆಲಸ, ಪುಕ್ಕಟೆ ಬೇರೆ. ಆದರೆ ಆ ಎಣ್ಣೆಯಲ್ಲಿ ಮಸಿ, ಲೋಹದ ಪುಡಿ ಇರುತ್ತದೆ. ತೆಳುವಾದ್ದರಿಂದ ಹತ್ತು ಕಿ.ಮೀ. ಓಡುವಷ್ಟರಲ್ಲಿ ರಿಮ್ಮಿಗೆ ಟೈರಿಗೆ ಸಿಡಿದಿರುತ್ತದೆ. ಎರಡನೆಯದು ನೆನೆದ ಚೈನಿಗೇ ಎಣ್ಣೆ. ಒಳಗಿನ ನೀರು ಹೊರಗೆ ಬರಲಾರದೆ ಅಲ್ಲೇ ತುಕ್ಕು ಹಿಡಿಸುತ್ತದೆ. ಈ ಚೈನಿನಲ್ಲಿ ಏಳೆಂಟು ಲಿಂಕ್‌ಗಳು ಬಾಗಿಸಿದರೆ ಬಾಗಿದಂತೆಯೇ ನಿಲ್ಲುತ್ತಿದ್ದವು. ಮೂರನೆಯದು ವಾಟರ್ ಸರ್ವಿಸ್. ಒತ್ತಡದ ನೀರನ್ನು ಹತ್ತಿರದಿಂದ ಚೈನಿಗೂ ಹಬ್ಬಿಗೂ ಹೊಡೆದರೆ ಸೀಲ್ ದಾಟಿ ನೀರು ಬೇರಿಂಗಿಗೆ ಇಳಿಯುತ್ತದೆ. ಮಣ್ಣು ಹೋಗಲು ಬಕೆಟ್ಟು, ಸ್ಪಂಜು ಸಾಕು.

ಇವುಗಳಿಂದ ಸದ್ದು, ಸದ್ದಿಗೆ ಮದ್ದಾಗಿ ಇನ್ನೊಂದಿಷ್ಟು ಬಿಗಿ, ಬಿಗಿಯಿಂದ ಇನ್ನಷ್ಟು ಸವೆತ. ಸಡಿಲವಾದ ಚೈನ್ ಸದ್ದು ಮಾಡಿ ಎಚ್ಚರಿಸುತ್ತದೆ. ಅತಿ ಬಿಗಿಯಾದದ್ದು ಸದ್ದಿಲ್ಲದೆ ಬೇರಿಂಗ್ ತಿನ್ನುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವುದಾದರೆ 5 ಮಿ.ಮೀ. ಹೆಚ್ಚು ಸಡಿಲವೇ ಮೇಲು. ಹಾಗೆಂದು ತೀರಾ ಜೋತಾಡಬಾರದು; ಓಡುವಾಗ ಚೈನ್ ಕಳಚಿ ಮುಂದಿನ ಸ್ಪ್ರಾಕೆಟ್ ಬಳಿ ಮುದ್ದೆಯಾದರೆ ಕ್ರ್ಯಾಂಕ್‌ಕೇಸ್ ಒಡೆಯಬಹುದು, ಹಿಂದಿನ ಚಕ್ರ ಕಚ್ಚಿಕೊಳ್ಳಬಹುದು.

ಸರಿಪಡಿಸಿದ ಕ್ರಮ

ತರಿಸಿದ್ದು: ಓ-ರಿಂಗ್ ಚೈನ್, ಎರಡೂ ಸ್ಪ್ರಾಕೆಟ್ ಇರುವ ಪೂರ್ತಿ ಕಿಟ್, ಹಬ್ ರಬ್ಬರ್ ಒಂದು ಸೆಟ್, ಔಟ್‌ಪುಟ್ ಶಾಫ್ಟಿನ ಆಯಿಲ್ ಸೀಲ್, ಆಕ್ಸಲ್ ನಟ್ಟಿಗೂ ಬ್ರೇಕಿನ ಟಾರ್ಕ್ ಆರ್ಮಿಗೂ (ಬ್ರೇಕ್ ತಟ್ಟೆ ತಿರುಗದಂತೆ ಹಿಡಿಯುವ ಪಟ್ಟಿ) ಹೊಸ ಸ್ಪ್ಲಿಟ್ ಪಿನ್ (ನಟ್ ಬಿಚ್ಚದಂತೆ ತಡೆಯುವ ಕಡ್ಡಿ), ಚೈನ್ ಅಡ್ಜಸ್ಟರ್ ಒಂದು, ಅರ್ಧ ಲೀಟರ್ ಸೀಮೆಎಣ್ಣೆ, ನೈಲಾನ್ ಬ್ರಷ್, ಎಸ್‌ಎಇ 90 ಗೇರ್ ಆಯಿಲ್ 100 ಮಿ.ಲೀ. ಚೈನ್ ಮಾತ್ರ ಹೊಸದು ಹಾಕಿ ಹಳೇ ಸ್ಪ್ರಾಕೆಟ್ ಉಳಿಸಿಕೊಂಡರೆ ಕೊಕ್ಕೆ ಹಲ್ಲುಗಳು ಹೊಸ ಚೈನನ್ನು ಬೇಗನೆ ಹಳತು ಮಾಡುತ್ತವೆ, ಉಳಿಸಿದ ದುಡ್ಡು ಎರಡರಷ್ಟಾಗಿ ಹೋಗುತ್ತದೆ.

ಚಕ್ರ ಇಳಿಸುವ ಮೊದಲು ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟ್‌ಗಳನ್ನು ಸಡಿಲಿಸಬೇಕು. ಗೇರ್ ಹಾಕಿ ಹಿಂದಿನ ಬ್ರೇಕ್ ಒತ್ತಿ ಹಿಡಿದರೆ ಶಾಫ್ಟ್ ತಿರುಗುವುದಿಲ್ಲ. ಚೈನ್ ತೆಗೆದ ಮೇಲೆ ಹಿಡಿಯಲು ಏನೂ ಇರುವುದಿಲ್ಲ. ಈ ಬೈಕಿನಲ್ಲಿ ಸ್ಪ್ರಾಕೆಟ್ಟನ್ನು ಹಿಡಿದಿರುವುದು ಒಂದು ಲಾಕ್ ಪ್ಲೇಟ್, ಎರಡು ಎಂ6 ಬೋಲ್ಟ್. ಮತ್ತೆ ಹಾಕುವಾಗ ಅವಕ್ಕೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ (ಟಾರ್ಕ್) ಸಾಕು. ಉದ್ದ ಹಿಡಿಯ ಪಾನಾ ಹಾಕಿ ಬಿಗಿದರೆ ಬೋಲ್ಟಿನ ತಲೆ ಕೈಗೆ ಬರುತ್ತದೆ.

ಸೀಲ್ ಈ ಎಂಜಿನ್ನಿನಲ್ಲಿ ಹೊರಗಿನಿಂದಲೇ ಬರುವಂಥದ್ದು. ಚಪ್ಪಟೆ ಸ್ಕ್ರೂಡ್ರೈವರಿಗೆ ಬಟ್ಟೆ ಸುತ್ತಿ, ಶಾಫ್ಟಿಗೂ ಕೇಸಿನ ಗೋಡೆಗೂ ಗೀರು ಬೀಳದಂತೆ ಮೀಟಿ ತೆಗೆಯಲಾಯಿತು. ಕೆಲವು ಎಂಜಿನ್‌ಗಳಲ್ಲಿ ಸೀಲಿಗೆ ಒಳಗಡೆ ಅಂಚಿರುತ್ತದೆ, ಕೇಸ್ ಬಿಚ್ಚದೆ ಬರುವುದೇ ಇಲ್ಲ. ಕೈ ಹಾಕುವ ಮೊದಲು ಹೊಸ ಸೀಲನ್ನು ಕೈಯಲ್ಲಿ ಹಿಡಿದು ನೋಡಿಕೊಳ್ಳುವುದು ಒಳ್ಳೆಯದು. ಶಾಫ್ಟಿನ ಹಲ್ಲುಗಳಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ, ಹೊಸ ಸೀಲಿನ ತುಟಿಗೆ ಎಂಜಿನ್ ಆಯಿಲ್ ಸವರಿ, ಅದೇ ವ್ಯಾಸದ ಸಾಕೆಟ್ ಇಟ್ಟು ನೆಟ್ಟಗೆ ತಟ್ಟಿ ಕೂರಿಸಲಾಯಿತು. ಓರೆಯಾಗಿ ಕೂತ ಸೀಲ್ ಮೊದಲ ದಿನವೇ ಸೋರುತ್ತದೆ. ಡಿಪ್‌ಸ್ಟಿಕ್ಕಿನ ಕೆಳಗಿನ ಗೆರೆಗೆ ಇಳಿದಿದ್ದ ಆಯಿಲಿಗೆ 200 ಮಿ.ಲೀ. ಸೇರಿಸಲಾಯಿತು.

ಚಕ್ರ ಇಳಿಸಿದಾಗ ರಬ್ಬರ್ ತುಂಡುಗಳು ಒಂದು ಪಕ್ಕ ತೆಳುವಾಗಿದ್ದವು, ಎರಡು ಬಿರುಕು ಬಿಟ್ಟಿದ್ದವು. ಹೊಸವು ಬಿಗಿಯಾಗಿ ಕೂರುತ್ತವೆ. ಸೋಪಿನ ನೀರು ಸವರಿ ಒತ್ತಿದರೆ ಆಯಿತು, ಎಣ್ಣೆ ಗ್ರೀಸು ತಾಗಿಸಬಾರದು. ಚಕ್ರದ ಬೇರಿಂಗ್‌ಗಳಿಗೆ ಬೆರಳು ಹಾಕಿ ತಿರುಗಿಸಿದಾಗ ಮರಳಿನ ಸದ್ದು ಬರಲಿಲ್ಲ, ಹಾಗೇ ಉಳಿಸಲಾಯಿತು. ಬ್ರೇಕ್ ಶೂಗಳ ಮೇಲ್ಮೈ ಬಿಸಿಗೆ ಗಾಜಿನಂತೆ ಹೊಳೆಯುತ್ತಿತ್ತು. ಲೈನಿಂಗ್ ದಪ್ಪ ಇನ್ನೂ ಸಾಕಷ್ಟಿದ್ದುದರಿಂದ ಒರಟು ಮರಳು ಕಾಗದದಲ್ಲಿ ಹೊಳಪು ತೆಗೆದು, ಶೂಗಳನ್ನು ಅಗಲಿಸುವ ಬ್ರೇಕ್ ಕ್ಯಾಮ್ ಶಾಫ್ಟಿಗೆ ಶಾಖ ತಡೆಯುವ ಗ್ರೀಸನ್ನು ತೆಳುವಾಗಿ ಸವರಲಾಯಿತು. ಡ್ರಮ್ಮಿನ ಪುಡಿಯನ್ನು ಬಾಯಲ್ಲಿ ಊದಬಾರದು, ಏರ್ ಹೊಡೆಯಬಾರದು; ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಚೈನ್ ಜೋಡಿಸಲು ಎರಡೂ ತುದಿಗಳನ್ನು ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳ ಮೇಲೆ ಪಕ್ಕಪಕ್ಕ ಕೂರಿಸಿದರೆ ಅದೇ ಹಿಡಿದುಕೊಳ್ಳುತ್ತದೆ. ಜೋಡಿಸುವ ಲಿಂಕಿನ ಎರಡು ಪಿನ್ನಿಗೂ ಗ್ರೀಸ್, ಒಳಗೆ ಎರಡು ಓ-ರಿಂಗ್, ಹೊರಗೆ ಎರಡು. ಒಂದು ಮರೆತರೂ ಆ ಲಿಂಕ್ ಸಾದಾ ಚೈನಿನ ಲಿಂಕ್ ಆದಂತೆ. ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಮುಖ ಮಾಡಿರಬೇಕು, ಅಂದರೆ ಲಿಂಕ್ ಮೇಲಿನ ಓಟದಲ್ಲಿದ್ದಾಗ ಬೈಕಿನ ಮುಂಭಾಗಕ್ಕೆ. ತಿರುಗುಮುರುಗು ಹಾಕಿದರೆ ಕಲ್ಲೋ ಕಡ್ಡಿಯೋ ತಾಗಿ ಕ್ಲಿಪ್ ಹಾರಿಹೋಗುತ್ತದೆ.

ಚಕ್ರದ ನೇರ ನೋಡಲು ಸ್ವಿಂಗ್ ಆರ್ಮ್ ಮೇಲಿನ ಗೆರೆಗಳನ್ನು ನಂಬಿ ಕೂರುವಂತಿರಲಿಲ್ಲ. ಎರಡೂ ಕಡೆ ಗೆರೆ ಸಮ ಇದ್ದರೂ ಹಿಂದಿನ ಸ್ಪ್ರಾಕೆಟ್ಟಿನ ಹಲ್ಲುಗಳು ಒಳಮಗ್ಗುಲಲ್ಲಿ ಮಾತ್ರ ಉಜ್ಜಿ ಹೊಳೆಯುತ್ತಿದ್ದವು. ಸ್ವಿಂಗ್ ಆರ್ಮ್ ಬೋಲ್ಟಿನ ನಡುವಿನಿಂದ ಆಕ್ಸಲ್ ನಡುವಿಗೆ ಟೇಪ್ ಹಿಡಿದು ಅಳೆದಾಗ ಎಡಬಲಕ್ಕೆ 3 ಮಿ.ಮೀ. ವ್ಯತ್ಯಾಸ. ಬಲಗಡೆಯ ಅಡ್ಜಸ್ಟರ್ ಬಾಗಿತ್ತು, ಅದನ್ನು ಬದಲಿಸಿ ಎರಡೂ ಕಡೆ ಅಳತೆ ಸರಿದೂಗಿಸಲಾಯಿತು.

ಸಡಿಲ ಇಟ್ಟದ್ದು ಬಿಗಿ ಜಾಗದಲ್ಲಿ 28 ಮಿ.ಮೀ. ಆಕ್ಸಲ್ ನಟ್ ಬಿಗಿಯುವಾಗ ಚಕ್ರ ಒಂದಿಷ್ಟು ಸರಿದು ಅಳತೆ ಕೆಡುತ್ತದೆ. ಹಾಗಾಗದಂತೆ ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಮಡಿಸಿದ ಬಟ್ಟೆ ಸಿಕ್ಕಿಸಿ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಆಕ್ಸಲ್ ಎರಡೂ ಅಡ್ಜಸ್ಟರ್‌ಗಳಿಗೆ ಒತ್ತಿ ನಿಲ್ಲುತ್ತದೆ. ಆಗ ನಟ್ಟನ್ನು ಮ್ಯಾನುವಲ್ಲಿನಲ್ಲಿರುವ ಟಾರ್ಕಿಗೆ ಬಿಗಿದು, ಬಟ್ಟೆ ತೆಗೆದು, ಮತ್ತೊಮ್ಮೆ ಅಳೆಯಬೇಕು. ಕೊನೆಯ ಪರೀಕ್ಷೆಗೆ ಇಬ್ಬರು ಸೀಟಿನಲ್ಲಿ ಕೂತರು, ಮೂರನೆಯವರು ಕೆಳಗಿನ ಓಟವನ್ನು ಬೆರಳಿನಿಂದ ಆಡಿಸಿದರು. ಸುಮಾರು 12 ಮಿ.ಮೀ. ಆಡಿತು. ಸ್ಟಿಕ್ಕರ್ ಏನೇ ಹೇಳಲಿ, ಭಾರ ಹೊರುವ ಬೈಕಿಗೆ ನಂಬಬೇಕಾದದ್ದು ಈ ಕೊನೆಯ ಅಳತೆಯನ್ನು.

ನಂತರ ಬ್ರೇಕ್ ಪೆಡಲಿನ ಆಟ 25 ಮಿ.ಮೀ. ಇರುವಂತೆ ರಾಡಿನ ನಟ್, ಬ್ರೇಕ್ ಲೈಟ್ ಹತ್ತುವ ಜಾಗ, ಟಾರ್ಕ್ ಆರ್ಮಿನ ನಟ್ಟು ಮತ್ತು ಸ್ಪ್ಲಿಟ್ ಪಿನ್. ಈ ಪಿನ್ ಚಿಲ್ಲರೆ ಬೆಲೆಯದು, ಆದರೆ ಆ ನಟ್ ಬಿದ್ದುಹೋದರೆ ಬ್ರೇಕ್ ಒತ್ತಿದ ಕೂಡಲೇ ತಟ್ಟೆ ಚಕ್ರದ ಜೊತೆ ತಿರುಗಿ, ರಾಡು ಸುತ್ತಿಕೊಂಡು ಚಕ್ರ ಕಚ್ಚುತ್ತದೆ. ಇಲ್ಲಿ ಹಳೇ ಪಿನ್ನಿನ ಬದಲು ಒಂದು ತಂತಿ ಸುತ್ತಿತ್ತು.

ಎಣ್ಣೆ ಹಾಕುವ ಕ್ರಮವನ್ನೂ ಬದಲಿಸಲಾಯಿತು. 500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ನೆನೆದ ದಿನದ ಸಂಜೆಯೇ. ಸವಾರಿ ಮುಗಿಸಿ ಬಂದಾಗ ಚೈನ್ ಬೆಚ್ಚಗಿರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಮಣ್ಣಿದ್ದರೆ ಸೀಮೆಎಣ್ಣೆ ಅದ್ದಿದ ನೈಲಾನ್ ಬ್ರಷ್ಷಿನಲ್ಲಿ ಉಜ್ಜಿ, ಪೂರ್ತಿ ಒಣಗಿದ ಮೇಲೆ ಕೆಳಗಿನ ಓಟದ ಒಳಮಗ್ಗುಲಿಗೆ ಗೇರ್ ಆಯಿಲ್, ಪಟ್ಟಿಗಳ ಸಂದಿಗೆ ಬೀಳುವಂತೆ. 10–15 ಮಿ.ಲೀ. ಧಾರಾಳವಾಯಿತು. ರಾತ್ರಿ ಬಿಟ್ಟು ಬೆಳಗ್ಗೆ ಹೆಚ್ಚಿನದನ್ನು ಒರೆಸಿ ತೆಗೆಯಬೇಕು. ಪೆಟ್ರೋಲ್, ಥಿನ್ನರ್, ತಂತಿ ಬ್ರಷ್ ಓ-ರಿಂಗಿಗೆ ಶತ್ರುಗಳು.

ಸವಾರರ ಮೈಮೇಲೆ ಇದ್ದುದು

ಚೈನಿನ ತನಿಖೆಯಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೂಟೆ ಹೊರುವ ಕ್ಯಾರಿಯರ್ ಕೂರಿಸಲು ಎಡಗಡೆಯ ಸೀರೆ ಗಾರ್ಡ್ ತೆಗೆದುಹಾಕಲಾಗಿತ್ತು. ಹಿಂದೆ ಕೂರುವವರು ಸೀರೆ ಉಡುವವರು, ಸವಾರರ ಮಳೆಗವುಸು ಗಾಳಿಗೆ ಹಾರುವ ಪೊಂಚೋ, ಪಕ್ಕದಲ್ಲೇ ತೆರೆದ ಚೈನ್ ಮತ್ತು ಕಡ್ಡಿಗಳ ಚಕ್ರ. ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಬಟ್ಟೆ ಸಿಕ್ಕದ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಗಾರ್ಡ್ ಮರಳಿ ಕೂರಿಸಿ, ಕ್ಯಾರಿಯರಿನ ಕಾಲನ್ನು ವೆಲ್ಡಿಂಗ್ ಅಂಗಡಿಯಲ್ಲಿ ಹೊರಕ್ಕೆ ಬಾಗಿಸಿಕೊಳ್ಳಲಾಯಿತು. ಪೊಂಚೋ ಬದಲು ಪ್ಯಾಂಟು ಶರ್ಟು ಬೇರೆ ಬೇರೆ ಇರುವ ರೇನ್‌ಕೋಟ್ ಬಂತು, ಹಳದಿ ಬಣ್ಣದ್ದು, ಬೆನ್ನಿಗೆ ಪ್ರತಿಫಲಿಸುವ ಪಟ್ಟಿ ಇದ್ದದ್ದು. ಘಾಟಿಯ ಮಂಜಿನಲ್ಲಿ ಕಪ್ಪು, ಕಡುನೀಲಿ ರೇನ್‌ಕೋಟ್ ಹಾಕಿದವರು ಹಿಂದಿನ ಬಸ್ಸಿನವನಿಗೆ ಕಾಣುವುದೇ ಇಲ್ಲ.

ಹೆಲ್ಮೆಟ್ ಐಎಸ್‌ಐ ಗುರುತಿನದೇ. ಆದರೆ ಒಮ್ಮೆ ಬೈಕಿನ ಜೊತೆ ಬಿದ್ದಿತ್ತು. ಹೊರಚಿಪ್ಪಿನಲ್ಲಿ ಕೂದಲೆಳೆಯ ಬಿರುಕು. ಒಳಗಿನ ಬಟ್ಟೆ ತೆಗೆದು ನೋಡಿದಾಗ ಅದೇ ಜಾಗದಲ್ಲಿ ಥರ್ಮಾಕೋಲಿನಂಥ ಪದರ ಒತ್ತಿ ತಗ್ಗಾಗಿತ್ತು. ಆ ಪದರ ಒಂದೇ ಸಲಕ್ಕೆ ಅಂತ ಮಾಡಿದ್ದು. ಏಟು ಬಿದ್ದಾಗ ತಾನು ನುಜ್ಜಾಗಿ ತಲೆಗೆ ಹೋಗುವ ಬಲ ತಗ್ಗಿಸುತ್ತದೆ, ನುಜ್ಜಾದದ್ದು ಮತ್ತೆ ಉಬ್ಬುವುದಿಲ್ಲ. ಬದಲಿಸಲೇಬೇಕಿತ್ತು. 2021ರ ಜೂನ್ 1ರಿಂದ ಐಎಸ್ 4151 ಪ್ರಕಾರದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಆದರೂ ರಸ್ತೆ ಬದಿಯಲ್ಲಿ ಗುರುತಿನ ಸ್ಟಿಕ್ಕರ್ ಅಂಟಿಸಿದ ಬರೀ ಪ್ಲಾಸ್ಟಿಕ್ ಟೋಪಿಗಳು ಸಿಗುತ್ತಲೇ ಇವೆ. ಕೊಳ್ಳುವಾಗ ಒಳಪದರಕ್ಕೆ ಬೆರಳು ಒತ್ತಿ ನೋಡಬೇಕು. ಬಿಗಿಯಾದ ಫೋಮ್ ಇಲ್ಲದೆ ಮೆತ್ತನೆ ಸ್ಪಂಜೇ ಇದ್ದರೆ ಅದು ತಲೆಗಲ್ಲ, ಪೊಲೀಸರಿಗೆ. ಪಟ್ಟಿ ಕಟ್ಟಿಕೊಂಡು, ಹಿಂಭಾಗದ ಕೆಳಅಂಚನ್ನು ಹಿಡಿದು ಮುಂದಕ್ಕೆ ತಳ್ಳಿದರೆ ತಲೆಯಿಂದ ಕಳಚಬಾರದು. ಕೆನ್ನೆಯ ಚರ್ಮ ಹೆಲ್ಮೆಟ್ ಜೊತೆ ಸರಿಯಬೇಕು. ಹಿಂದೆ ಕೂರುವವರಿಗೆ ಈ ಮನೆಯಲ್ಲಿ ಹೆಲ್ಮೆಟ್ಟೇ ಇರಲಿಲ್ಲ. ಕರ್ನಾಟಕದಲ್ಲಿ 2016ರ ಜನವರಿಯಿಂದ ಅವರಿಗೂ ಕಡ್ಡಾಯ. ಎರಡು ಬಂದವು, ಎರಡಕ್ಕೂ ಗೀರಿಲ್ಲದ ಪಾರದರ್ಶಕ ವೈಸರ್. ಮಳೆಯ ರಾತ್ರಿ ಎದುರಿನ ಲೈಟು ಗೀರುಗಳಲ್ಲಿ ಹರಡಿದರೆ ರಸ್ತೆ ಮಾಯ.

ಕಾಲಲ್ಲಿ ಗಂಬೂಟ್. ತೋಟಕ್ಕೆ ಅದರ ಮುಂದೆ ಬೇರೇನೂ ಇಲ್ಲ, ಜಿಗಣೆಗೂ ಕೆಸರಿಗೂ ಅದೇ ಸೈ. ಬೈಕಿನ ಮೇಲೆ ಮಾತ್ರ ಅದರ ದಪ್ಪ ಮೂತಿ ಗೇರ್ ಲಿವರಿನ ಕೆಳಗೆ ಸಿಕ್ಕಿಕೊಳ್ಳುತ್ತದೆ, ಸಡಿಲವಾದ್ದರಿಂದ ಬಿದ್ದಾಗ ಕಾಲಿನಿಂದ ಕಳಚುತ್ತದೆ, ಹರಡಿಗೆ ಯಾವ ಆಸರೆಯೂ ಇಲ್ಲ. ತೋಟದ ಗೇಟಿನಲ್ಲಿ ಬಿಟ್ಟು, ಹರಡಿ ಮುಚ್ಚುವ ಚರ್ಮದ ಕೆಲಸದ ಬೂಟು ಹಾಕಿಕೊಳ್ಳುವುದೆಂದು ತೀರ್ಮಾನವಾಯಿತು. ಲೇಸಿನ ತುದಿ ಬೂಟಿನೊಳಗೆ.

ಬಜೆಟ್ಟಿನಲ್ಲಿ ಉಳಿದದ್ದು ಕಡಿಮೆ. ಹಾಗಿದ್ದಾಗ ಹೆಲ್ಮೆಟ್ ನಂತರದ ಸ್ಥಾನ ಗ್ಲೌಸಿನದು, ಜಾಕೆಟ್ಟಿನದಲ್ಲ. ಬಿದ್ದಾಗ ಕೈ ತಾನಾಗಿ ಮುಂದೆ ಹೋಗುತ್ತದೆ, ಅಂಗೈ ಮೊದಲು ರಸ್ತೆಗೆ ತಾಗುತ್ತದೆ. ಅಂಗೈಗೆ ಚರ್ಮ, ಮಣಿಕಟ್ಟಿಗೆ ಬಿಗಿಯುವ ಪಟ್ಟಿ ಇರುವ, ಇಎನ್ 13594 (ಯುರೋಪಿನ ಮಾನದಂಡ) ಗುರುತಿನ ಗ್ಲೌಸ್ ಸಾಕು. ಜಾಕೆಟ್ ಮುಂದಿನ ವರ್ಷಕ್ಕೆ. ಆಗ ನೋಡಬೇಕಾದದ್ದು ಬಟ್ಟೆಗೆ ಇಎನ್ 17092ರ ಎ ಅಥವಾ ಎಎ ದರ್ಜೆ, ಭುಜ ಮೊಣಕೈಗೆ ಇಎನ್ 1621-1 ಗುರುತಿನ ಗಟ್ಟಿ ತುಂಡುಗಳು. ಅವುಗಳಲ್ಲಿ ಲೆವೆಲ್ 1 ಪರೀಕ್ಷೆಯ ಏಟಿನಲ್ಲಿ ದಾಟಲು ಬಿಡುವ ಸರಾಸರಿ ಬಲ 35 ಕಿಲೋನ್ಯೂಟನ್ ಮೀರಬಾರದು, ಲೆವೆಲ್ 2 ಆದರೆ 20. ಜಾಕೆಟ್ಟಿನ ಜೊತೆ ಬೆನ್ನಿಗೆಂದು ಬರುವ ತೆಳು ಫೋಮ್ ಬಹಳ ಸಲ ಜಾಗ ತುಂಬಲು ಇಟ್ಟದ್ದು, ಅದರ ಮೇಲೆ ಯಾವ ಗುರುತೂ ಇರುವುದಿಲ್ಲ.

ಆಮೇಲೆ

500 ಕಿ.ಮೀ. ಓಡಿದ ಮೇಲೆ ಬಿಗಿ ಜಾಗದಲ್ಲಿ ಸಡಿಲ 31 ಮಿ.ಮೀ., ಸಡಿಲ ಜಾಗದಲ್ಲಿ 33. ಹೊಸ ಚೈನ್ ಮೊದಲು ಒಂದಿಷ್ಟು ಕೂರುವುದು ಇದ್ದದ್ದೇ. ಮತ್ತೆ 28ಕ್ಕೆ ತಂದು, ಈ ಸಲ ಬ್ರೇಕ್ ರಾಡಿನ ನಟ್ ಕೂಡ ಸಡಿಲಿಸಲಾಯಿತು. ಹಬ್ ಘಾಟಿ ಇಳಿದ ಮೇಲೂ ಕೈ ಇಡುವಷ್ಟು ಬೆಚ್ಚಗೆ ಮಾತ್ರ. 'ಕಟ್ ಕಟ್' ನಿಂತಿತು, ಜಗ್ಗುವುದೂ.

ಉಳಿದದ್ದು ಔಟ್‌ಪುಟ್ ಶಾಫ್ಟಿನ ಬೇರಿಂಗ್. ಅದರ ಆಟ ಹಾಗೇ ಇದೆ. ಅದನ್ನು ಬದಲಿಸಲು ಎಂಜಿನ್ ಇಳಿಸಿ ಕೇಸ್ ಬಿಡಿಸಬೇಕು. ಚೈನಿನ ಎಳೆತ ಸರಿಹೋದ ಮೇಲೆ ಅದು ಇನ್ನೂ ಸಾಕಷ್ಟು ದಿನ ನಡೆಯಬಹುದು. ಹಾಗಾಗಿ ಸದ್ಯ ಮುಟ್ಟಿಲ್ಲ. 1,000 ಕಿ.ಮೀ.ಗೊಮ್ಮೆ ಎಡಗಡೆಯ ಕವರ್ ತೆಗೆದು ಸೀಲಿನ ಕೆಳಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ ನೋಡುವುದು. ಬಟ್ಟೆ ಎಣ್ಣೆಯಾಗಿ ಬಂದರೆ, ಇಲ್ಲವೇ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟಿನ ಬಳಿ ಹೊಳೆಯುವ ಉಕ್ಕಿನ ಪುಡಿ ಸಿಕ್ಕರೆ, ಆಗ ಎಂಜಿನ್ ಇಳಿಸುವುದು. ಇಳಿಸಿದಾಗ ಬೇರಿಂಗ್ ಜೊತೆ ಸೀಲನ್ನೂ ಮತ್ತೆ ಹೊಸದು ಹಾಕುವುದು.